ಸ್ಟ್ರೀಟ್ ಫೈಟರ್ 6: ಆಟ ಉತ್ತಮ, ಎರಡು ಗೆಲುವಿನ ಸೆಟ್ ಸಾಲದು

ಕ್ಯಾಪ್‌ಕಾಮ್ ಕಂಪನಿಯ ಹೊಡೆದಾಟದ ವಿಡಿಯೊ ಗೇಮ್ ಸ್ಟ್ರೀಟ್ ಫೈಟರ್ 6 ಬಿಡುಗಡೆಯಾದದ್ದು 2023ರ ಜೂನ್ 2ರಂದು. ಅದರ ಚಿತ್ರಣ, ಸಂಗೀತ, ಒಬ್ಬರೇ ಕೂತು ಆಡುವವರಿಗಾಗಿ ಇರುವ ವರ್ಲ್ಡ್ ಟೂರ್ ವಿಭಾಗ, ಹೊಸಬರ ಕೈಗೆ ಹಗುರವಾಗಲೆಂದು ಸೇರಿಸಿರುವ ಮಾಡರ್ನ್ ಕಂಟ್ರೋಲ್ ಇವುಗಳ ಕುರಿತು ಬೇಕಾದಷ್ಟು ಬರೆದಾಗಿದೆ. ನಾನು ಇಲ್ಲಿ ಪರಿಶೀಲಿಸಲು ಹೊರಟಿರುವುದು ಬೇರೆಯದನ್ನು. ಇಬ್ಬರು ಎದುರುಬದುರು ಕೂತಾಗ ಅವರಲ್ಲಿ ಯಾರು ಮೇಲು ಎಂಬುದನ್ನು ಈ ಆಟ ಎಷ್ಟು ನ್ಯಾಯವಾಗಿ ತೀರ್ಮಾನಿಸುತ್ತದೆ ಎಂಬುದೇ ಸ್ಪರ್ಧೆಯ ಆಸೆಯಿಂದ ಇದನ್ನು ಕೊಳ್ಳುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆದಾಟದ ಆಟಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಇನ್ನೊಂದು ಆಟ ಇತ್ತೀಚೆಗೆ ಬಂದಿಲ್ಲ. ಆದರೆ ಆಟದೊಳಗೆ ಕೊಟ್ಟಿರುವ ಶ್ರೇಯಾಂಕದ ಪಂದ್ಯಗಳು ಆಟದ ಆಳಕ್ಕೆ ತಕ್ಕಷ್ಟು ಉದ್ದವಿಲ್ಲ, ಮತ್ತು ಆ ಕೊರತೆಯನ್ನು ತುಂಬಿಕೊಡುತ್ತಿರುವುದು ಹೊರಗೆ ಪಂದ್ಯಾವಳಿ ನಡೆಸುವವರು ಮೂರು ದಶಕಗಳಿಂದ ಬೆಳೆಸಿಕೊಂಡು ಬಂದ ಪದ್ಧತಿಗಳು.

ಮೊದಲು ಆಟದ ಅಳತೆಗಳನ್ನು ತಿಳಿದುಕೊಳ್ಳಬೇಕು. ಎದುರಾಳಿಯ ಜೀವಪಟ್ಟಿ ಪೂರ್ತಿ ಇಳಿಯುವವರೆಗೆ, ಅಥವಾ 99ರಿಂದ ಇಳಿಯುತ್ತ ಬರುವ ಗಡಿಯಾರ ಸೊನ್ನೆ ಮುಟ್ಟುವವರೆಗೆ ನಡೆಯುವುದು ಒಂದು ರೌಂಡ್. ಗಡಿಯಾರ ಮುಗಿದಾಗ ಯಾರ ಜೀವ ಹೆಚ್ಚು ಉಳಿದಿದೆಯೋ ಅವರಿಗೆ ರೌಂಡ್ ಸಲ್ಲುತ್ತದೆ. ಮೂರು ರೌಂಡ್‌ಗಳಲ್ಲಿ ಎರಡನ್ನು ಗೆದ್ದವರಿಗೆ ಒಂದು ಗೇಮ್. ಶ್ರೇಯಾಂಕದ ಪಂದ್ಯದಲ್ಲಿ, ಅಂದರೆ ರ‍್ಯಾಂಕ್ಡ್‌ನಲ್ಲಿ, ಮೂರು ಗೇಮ್‌ಗಳಲ್ಲಿ ಎರಡನ್ನು ಗೆದ್ದವರಿಗೆ ಸೆಟ್. ಆಡುವವರ ಬಾಯಲ್ಲಿ ಇದು ‘ಫಸ್ಟ್ ಟು ಟೂ’. ದೊಡ್ಡ ಪಂದ್ಯಾವಳಿಗಳಲ್ಲಿಯೂ ಆರಂಭದ ಸುತ್ತುಗಳಿಗೆ ಇದೇ ಅಳತೆ. ಕೊನೆಯ ಹಂತ ಹತ್ತಿರವಾದಂತೆ ಅದು ಐದರಲ್ಲಿ ಮೂರು ಗೇಮ್‌ಗಳ ‘ಫಸ್ಟ್ ಟು ಥ್ರೀ’ ಆಗುತ್ತದೆ.

ಈ ಅಳತೆಗಳನ್ನು ಬರಿಯ ಲೆಕ್ಕವೆಂದು ತಿಳಿದರೆ ಆಟದ ಒಂದು ಸೊಗಸಾದ ಗುಣ ತಪ್ಪಿಹೋಗುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಆಟಗಾರನ ಕೈಯಲ್ಲಿ ಎರಡು ಬಗೆಯ ಬಂಡವಾಳ ಇರುತ್ತದೆ. ಜೀವಪಟ್ಟಿಯ ಕೆಳಗೆ, ವಿಶೇಷ ದಾಳಿ ಮತ್ತು ರಕ್ಷಣೆಗೆ ಖರ್ಚಾಗುವ ಆರು ಮನೆಗಳ ಡ್ರೈವ್ ಗೇಜ್. ಪರದೆಯ ತಳದಲ್ಲಿ, ಸೂಪರ್ ಎಂಬ ಭಾರಿ ಹೊಡೆತಗಳಿಗೆ ಬೇಕಾದ ಮೂರು ಹಂತಗಳ ಸೂಪರ್ ಗೇಜ್. ಡ್ರೈವ್ ಗೇಜ್ ಪ್ರತಿ ರೌಂಡ್ ಆರಂಭದಲ್ಲಿ ಮತ್ತೆ ಪೂರ್ತಿ ತುಂಬಿರುತ್ತದೆ. ಸೂಪರ್ ಗೇಜ್ ಹಾಗಲ್ಲ: ಒಂದು ಗೇಮ್‌ನೊಳಗೆ ಅದು ರೌಂಡ್‌ನಿಂದ ರೌಂಡ್‌ಗೆ ಹಾಗೆಯೇ ಸಾಗಿಬರುತ್ತದೆ, ಹೊಸ ಗೇಮ್ ಆರಂಭವಾದಾಗ ಮಾತ್ರ ಖಾಲಿಯಾಗುತ್ತದೆ. ಇದರ ಪರಿಣಾಮವನ್ನು ಹತ್ತಿರದಿಂದ ನೋಡಿ. ಮೊದಲ ರೌಂಡ್‌ನ ಕೊನೆಯಲ್ಲಿ ಒಬ್ಬ ಆಟಗಾರನ ಜೀವ ಬೆರಳಗಲ ಉಳಿದಿದೆ, ಡ್ರೈವ್ ಪೂರ್ತಿ ಬರಿದಾಗಿ ಅವನು ಬರ್ನ್‌ಔಟ್ ಎಂಬ ದುರ್ಬಲ ಸ್ಥಿತಿಗೆ ಬಿದ್ದಿದ್ದಾನೆ, ಬೆನ್ನು ಗೋಡೆಗೆ ಹತ್ತಿದೆ, ಎದುರಾಳಿಯ ಬಳಿ ಇನ್ನೂ ಅರ್ಧಕ್ಕಿಂತ ಹೆಚ್ಚು ಜೀವವಿದೆ. ಅವನ ಸೂಪರ್ ಗೇಜ್‌ನಲ್ಲಿ ಎರಡು ಹಂತ ತುಂಬಿವೆ. ಅನುಭವಸ್ಥ ಆಟಗಾರ ಆ ಎರಡು ಹಂತಗಳನ್ನು ಅಲ್ಲಿ ಸುರಿಯುವುದಿಲ್ಲ. ರೌಂಡ್ ಹೋದರೆ ಹೋಗಲಿ ಎಂದು ತೀರ್ಮಾನಿಸಿ, ಹೊಡೆತ ತಿನ್ನುತ್ತಲೇ ಗೇಜನ್ನು ಇನ್ನಷ್ಟು ತುಂಬಿಸಿಕೊಂಡು ಎರಡನೆಯ ರೌಂಡ್‌ಗೆ ಕಾಲಿಡುತ್ತಾನೆ. ಅಲ್ಲಿ ಡ್ರೈವ್ ಇಬ್ಬರಿಗೂ ಸಮ, ಆದರೆ ಸೂಪರ್ ಅವನ ಕಡೆ ಹೆಚ್ಚು. ಗೆದ್ದವನು ಮೊದಲ ರೌಂಡ್‌ಗಾಗಿ ತನ್ನ ಸೂಪರ್ ಖರ್ಚು ಮಾಡಿದ್ದರಂತೂ ಸೋತವನೇ ಒಂದು ಹೆಜ್ಜೆ ಮುಂದೆ ನಿಂತಿರುತ್ತಾನೆ. ಮೂರನೆಯ ರೌಂಡ್ ಬರುವ ಹೊತ್ತಿಗೆ ಅನೇಕ ಸಲ ಇಬ್ಬರ ಬಳಿಯೂ ಮೂರೂ ಹಂತಗಳು ತುಂಬಿರುತ್ತವೆ. ಆಗ ಒಂದು ತಪ್ಪು ಹೆಜ್ಜೆಗೆ ತೆರಬೇಕಾದ ಬೆಲೆ ಇಡೀ ರೌಂಡ್.

ಸೋಲುವ ರೌಂಡನ್ನು ಹೇಗೆ ಸೋಲಬೇಕು ಎಂಬ ಈ ವಿವೇಚನೆಯನ್ನು ಆಟದ ರಚನೆಯೇ ಕಲಿಸುತ್ತದೆ. ನನ್ನ ಮಟ್ಟಿಗೆ ಸ್ಟ್ರೀಟ್ ಫೈಟರ್ 6ರ ಅತ್ಯುತ್ತಮ ವಿನ್ಯಾಸ ಇದೇ. ಮೂರು ರೌಂಡ್‌ಗಳ ಗೇಮ್ ಒಂದು ಅಖಂಡ ಘಟಕವಾಗಿ ನಿಲ್ಲುವುದು ಈ ಒಂದು ನಿಯಮದ ಬಲದಿಂದ.

ಆದರೆ ಘಟಕ ಚೆನ್ನಾಗಿದ್ದ ಮಾತ್ರಕ್ಕೆ ತೀರ್ಪು ಚೆನ್ನಾಗಿರುತ್ತದೆ ಎನ್ನಲಾಗದು. ಎಷ್ಟು ಘಟಕಗಳನ್ನು ಆಡಿಸುತ್ತೇವೆ ಎಂಬುದೂ ಮುಖ್ಯ. ಒಂದು ಸರಳ ಲೆಕ್ಕ ಮಾಡೋಣ. ಇಬ್ಬರಲ್ಲಿ ಒಬ್ಬ ಪ್ರತಿ ನೂರು ಗೇಮ್‌ಗಳಲ್ಲಿ 60ನ್ನು ಗೆಲ್ಲುವಷ್ಟು ಮೇಲು ಎಂದುಕೊಳ್ಳಿ. ಹೊಡೆದಾಟದ ಆಟಗಳಲ್ಲಿ ಇದು ಸಣ್ಣ ಅಂತರವೇನಲ್ಲ. ಒಂದೇ ಗೇಮ್ ಆಡಿಸಿದರೆ ಅವನು ಗೆಲ್ಲುವ ಸಾಧ್ಯತೆ ಶೇ. 60. ಎರಡು ಗೆಲುವಿನ ಸೆಟ್‌ನಲ್ಲಿ ಅದು ಶೇ. 65ರ ಆಸುಪಾಸಿಗೆ ಏರುತ್ತದೆ. ಮೂರು ಗೆಲುವಿನ ಸೆಟ್‌ನಲ್ಲಿ ಸುಮಾರು ಶೇ. 68, ನಾಲ್ಕು ಗೆಲುವಿನ ಸೆಟ್‌ನಲ್ಲಿ ಶೇ. 71, ಹತ್ತು ಗೆಲುವಿನ ದೀರ್ಘ ಸೆಟ್‌ನಲ್ಲಿ ಸುಮಾರು ಶೇ. 81. ಎಂದರೆ ಸಾಮಾನ್ಯ ಎರಡು ಗೆಲುವಿನ ಸೆಟ್‌ನಲ್ಲಿ ಮೂರು ಸಲಕ್ಕೊಮ್ಮೆಯಾದರೂ ಕೆಳಗಿನವನು ಗೆದ್ದುಬರುತ್ತಾನೆ. ಗೇಮ್‌ಗಳು ಒಂದರ ಮೇಲೊಂದು ಪ್ರಭಾವ ಬೀರುವುದಿಲ್ಲ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ನಿಜವಾದ ಆಟದಲ್ಲಿ ಎದುರಾಳಿಯ ಚಾಳಿಗಳನ್ನು ಓದಿಕೊಂಡು ಎರಡನೆಯ, ಮೂರನೆಯ ಗೇಮ್‌ನಲ್ಲಿ ಹೊಂದಿಕೊಳ್ಳುವ ಶಕ್ತಿಯೇ ದೊಡ್ಡದು, ಮತ್ತು ಆ ಶಕ್ತಿ ಕಾಣಿಸಿಕೊಳ್ಳಲು ಇನ್ನೂ ಹೆಚ್ಚು ಗೇಮ್‌ಗಳು ಬೇಕು. ಸೆಟ್ ಉದ್ದವಿರಬೇಕು ಎಂಬ ವಾದಕ್ಕೆ ಇದರಿಂದ ಬಲವೇ ಬರುತ್ತದೆ.

ಈ ವಿಷಯದಲ್ಲಿ 2024ರ ಜನವರಿ 26ರಂದು ಬಂದ ಇನ್ನೊಂದು ಹೊಡೆದಾಟದ ಆಟ ಟೆಕ್ಕೆನ್ 8ರ ಜೊತೆ ಹೋಲಿಸಿ ನೋಡಬಹುದು. ಅಲ್ಲಿ ಒಂದು ಗೇಮ್ ಗೆಲ್ಲಲು ಮೂರು ರೌಂಡ್ ಗೆಲ್ಲಬೇಕು, ಒಂದೊಂದು ರೌಂಡ್‌ಗೆ ಗಡಿಯಾರ 60ರಿಂದ ಆರಂಭ. ಒಂದು ರೌಂಡ್ ಗೆಲ್ಲುವ ಸಾಧ್ಯತೆ ಶೇ. 60 ಇರುವವನು ಎರಡು ರೌಂಡ್‌ಗಳ ಗೇಮ್‌ಗಳಲ್ಲಿ ಎರಡು ಗೆಲುವಿನ ಸೆಟ್ ಗೆಲ್ಲುವ ಸಾಧ್ಯತೆ ಶೇ. 72ರಷ್ಟಾದರೆ, ಮೂರು ರೌಂಡ್‌ಗಳ ಗೇಮ್‌ಗಳಲ್ಲಿ ಅದು ಶೇ. 76. ಟೆಕ್ಕೆನ್ ಒಂದೊಂದು ರೌಂಡ್‌ನಲ್ಲಿ ಹೆಚ್ಚು ಉಗ್ರವಾದ ಆಟ, ಎದುರಾಳಿಯನ್ನು ಗಾಳಿಯಲ್ಲೇ ಇಟ್ಟು ಬಿಡದೆ ಹೊಡೆಯುವ ಜಗಲ್‌ಗೆ ಒಮ್ಮೆ ಸಿಕ್ಕಿಬಿದ್ದರೆ ಜೀವಪಟ್ಟಿಯ ದೊಡ್ಡ ಪಾಲು ಹೋಗುತ್ತದೆ. ಆದ್ದರಿಂದ ಅದಕ್ಕೆ ಹೆಚ್ಚು ರೌಂಡ್‌ಗಳು ಬೇಕೇಬೇಕು. ಎರಡೂ ಆಟಗಳ ತಯಾರಕರು ತಮ್ಮ ಆಟದ ಸ್ವಭಾವಕ್ಕೆ ಒಪ್ಪುವ ರೌಂಡ್ ಸಂಖ್ಯೆಯನ್ನೇ ಆರಿಸಿಕೊಂಡಿದ್ದಾರೆ ಎಂದು ನನಗೆ ಅನಿಸುತ್ತದೆ. ತಕರಾರು ಇರುವುದು ರೌಂಡ್‌ಗಳ ಬಗ್ಗೆ ಅಲ್ಲ, ಸೆಟ್‌ನ ಬಗ್ಗೆ.

ರ‍್ಯಾಂಕ್ಡ್ ವಿಭಾಗದ ನಿಜವಾದ ಸಮಸ್ಯೆಯೆಂದರೆ ಅಲ್ಲಿ ‘ಫಸ್ಟ್ ಟು ಟೂ’ ಎಂಬುದು ಗರಿಷ್ಠ ಮಿತಿ ಮಾತ್ರ, ಖಾತರಿಯಲ್ಲ. ಒಂದು ಗೇಮ್ ಮುಗಿದ ಕೂಡಲೇ ಅಂಕಗಳ ಲೆಕ್ಕ ಆಗಿಬಿಡುತ್ತದೆ, ಮರುಪಂದ್ಯಕ್ಕೆ ಒಪ್ಪುವುದೂ ಬಿಡುವುದೂ ಇಬ್ಬರ ಇಷ್ಟ. ಮೊದಲ ಗೇಮನ್ನು ಎದುರಾಳಿಗೆ ಗೊತ್ತಿಲ್ಲದ ಒಂದು ತಂತ್ರದಿಂದ ಗೆದ್ದು, ಅವನು ಅದಕ್ಕೆ ಉತ್ತರ ಹುಡುಕುವ ಮೊದಲೇ ಎದ್ದುಹೋಗುವವರಿಗೆ ಈ ವ್ಯವಸ್ಥೆ ಯಾವ ದಂಡವನ್ನೂ ವಿಧಿಸುವುದಿಲ್ಲ. ಸೋತವನಿಗೆ ಹೊಂದಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಗೆದ್ದವನಿಗೆ ತನ್ನ ತಂತ್ರ ಗಟ್ಟಿಯೋ ಪೊಳ್ಳೋ ಎಂಬುದು ತಿಳಿಯುವುದಿಲ್ಲ. ಜೊತೆಗೆ ರ‍್ಯಾಂಕ್ಡ್‌ನಲ್ಲಿ ಆರಿಸಿಕೊಂಡು ಬಂದ ಪಾತ್ರವನ್ನು ಮರುಪಂದ್ಯದಲ್ಲಿ ಬದಲಿಸಲು ಬರುವುದಿಲ್ಲ. ಪ್ರತಿ ಪಾತ್ರಕ್ಕೂ ಬೇರೆ ಬೇರೆ ಶ್ರೇಣಿ ಕೊಟ್ಟಿರುವುದರಿಂದ ಇದು ತರ್ಕಬದ್ಧವೇ ಹೌದು, ಮತ್ತು ಹೊಸ ಪಾತ್ರ ಕಲಿಯುವವರಿಗೆ ಪ್ರತ್ಯೇಕ ಶ್ರೇಣಿ ದೊಡ್ಡ ಉಪಕಾರ. ಆದರೆ ಪಂದ್ಯಾವಳಿಯಲ್ಲಿ ಸೋತವನಿಗೆ ಪಾತ್ರ ಬದಲಿಸುವ ಹಕ್ಕು ಇರುತ್ತದೆ; ಆ ಅಭ್ಯಾಸವನ್ನು ರ‍್ಯಾಂಕ್ಡ್ ಎಂದೂ ಕೊಡಲಾರದು.

ಕೆಳಗಿನ ಶ್ರೇಣಿಗಳಲ್ಲಿ ಇದೆಲ್ಲ ಅಷ್ಟಾಗಿ ಬಾಧಿಸುವುದಿಲ್ಲ. ರೂಕಿಯಿಂದ ಡೈಮಂಡ್‌ವರೆಗೆ ಏರುವವರಿಗೆ ಬೇರೆ ಬೇರೆ ಎದುರಾಳಿಗಳನ್ನು ಬೇಗ ಬೇಗ ಎದುರಿಸುವುದೇ ಒಳ್ಳೆಯದು. ಮಾಸ್ಟರ್ ಶ್ರೇಣಿ ಮುಟ್ಟಿದ ಮೇಲೆ, 1500ರಿಂದ ಆರಂಭವಾಗುವ ಮಾಸ್ಟರ್ ರೇಟ್ ಎಂಬ ಅಂಕ ಆಟಗಾರನ ಗುರುತಾಗಿಬಿಡುತ್ತದೆ. ಅಲ್ಲಿ ಒಂದೊಂದು ಗೇಮ್‌ನ ಅದೃಷ್ಟಕ್ಕೆ ಇಷ್ಟು ತೂಕ ಕೊಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ.

ನ್ಯಾಯವಾಗಿ ಹೇಳಬೇಕೆಂದರೆ, ಕ್ಯಾಪ್‌ಕಾಮ್ ಈ ಕೊರತೆಗೆ ಬೇರೆ ಬಾಗಿಲು ತೆರೆದಿಟ್ಟಿದೆ. ಬ್ಯಾಟಲ್ ಹಬ್ ಎಂಬ ಆನ್‌ಲೈನ್ ಸಭಾಂಗಣದಲ್ಲಿ ನೂರು ಜನರವರೆಗೆ ಸೇರಬಹುದು; ಸಾಲಾಗಿ ಇಟ್ಟಿರುವ ಯಂತ್ರಗಳ ಮುಂದೆ ಕೂತು ಎದುರಿನವರು ಏಳುವವರೆಗೆ ಆಡುತ್ತಲೇ ಇರಬಹುದು, ಸುತ್ತ ನಿಂತವರು ನೋಡಬಹುದು. ಗೆಳೆಯರಿಗಾಗಿ ಕಸ್ಟಮ್ ರೂಮ್ ಇದೆ, ಅಲ್ಲಿ ನಿಯಮಗಳನ್ನು ನಾವೇ ಹೊಂದಿಸಿಕೊಳ್ಳಬಹುದು. ಇವೆರಡರ ಹಿಂದೆಯೂ, ದೂರದ ಇಬ್ಬರ ಆಟವನ್ನು ಅಂತರ್ಜಾಲದಲ್ಲಿ ಹೊಂದಿಸುವ ರೋಲ್‌ಬ್ಯಾಕ್ ನೆಟ್‌ಕೋಡ್ ಕೆಲಸ ಮಾಡುತ್ತದೆ. ಸೆಕೆಂಡಿಗೆ 60 ಫ್ರೇಮ್‌ಗಳ ಆಟದಲ್ಲಿ ಎದುರಾಳಿಯ ಗುಂಡಿಯೊತ್ತುವಿಕೆ ಬರುವವರೆಗೆ ಕಾಯದೆ, ಅದು ಹೀಗಿರಬಹುದೆಂದು ಊಹಿಸಿ ಮುಂದೆ ಸಾಗಿ, ಊಹೆ ತಪ್ಪಿದ್ದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವ ಕ್ರಮ ಇದು. ಈ ತತ್ವವನ್ನು ಹೊಡೆದಾಟದ ಆಟಗಳಲ್ಲಿ ಜನಪ್ರಿಯಗೊಳಿಸಿದ ಜಿಜಿಪಿಒ ತಂತ್ರಾಂಶವನ್ನು ಬರೆದ ಟೋನಿ ಕ್ಯಾನನ್ ಅವರೇ ಇವೊ ಪಂದ್ಯಾವಳಿಯ ಸ್ಥಾಪಕರಲ್ಲಿ ಒಬ್ಬರು ಎಂಬುದು ಗಮನಿಸಬೇಕಾದ ಸಂಗತಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ದೂರದ ನಗರದವರೊಂದಿಗೆ ದೀರ್ಘ ಸೆಟ್ ಆಡುವುದು ಸಾಧ್ಯವಾಗುವುದು ಇಂಥ ನೆಟ್‌ಕೋಡ್ ಇರುವುದರಿಂದ. ಆದರೂ ವೈಫೈ ಬಿಟ್ಟು ಕೇಬಲ್ ಜೋಡಿಸಿಕೊಂಡೇ ಆಡಿ. ಸಂಪರ್ಕದ ಏರುಪೇರನ್ನು ಎಂಥ ನೆಟ್‌ಕೋಡ್ ಕೂಡ ಪೂರ್ತಿ ಮುಚ್ಚಲಾರದು.

ಈಗ ಪಂದ್ಯಾವಳಿಯ ಮಾತು. ಹೊಡೆದಾಟದ ಆಟಗಳ ಜಗತ್ತಿನ ಅತಿ ದೊಡ್ಡ ಕೂಟವಾದ ಇವೊ ಆರಂಭವಾದದ್ದು 1996ರಲ್ಲಿ, ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಆರ್ಕೇಡ್‌ನಲ್ಲಿ (ನಾಣ್ಯ ಹಾಕಿ ಆಡುವ ಯಂತ್ರಗಳ ತಾಣದಲ್ಲಿ), ‘ಬ್ಯಾಟಲ್ ಬೈ ದಿ ಬೇ’ ಎಂಬ ಹೆಸರಿನಿಂದ, 40 ಆಟಗಾರರೊಂದಿಗೆ. 2002ರಲ್ಲಿ ಅದು ಎವಲ್ಯೂಷನ್ ಆಯಿತು. ಈಗ ಎಲ್ಲರೂ ಇವೊ ಎನ್ನುತ್ತಾರೆ. 2023ರಲ್ಲಿ ಲಾಸ್ ವೇಗಾಸ್‌ನಲ್ಲಿ ಸ್ಟ್ರೀಟ್ ಫೈಟರ್ 6 ಒಂದಕ್ಕೇ ಏಳು ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಗೆದ್ದವರು ಸಂಯುಕ್ತ ಅರಬ್ ಎಮಿರೇಟ್ಸ್‌ನ ಆಂಗ್ರಿಬರ್ಡ್. 2025ರಲ್ಲಿ ಇವೊದಲ್ಲಿ ಸೋನಿ ಹೊಂದಿದ್ದ ಪಾಲನ್ನು ಭಾರತದ ನಾಡ್ವಿನ್ ಗೇಮಿಂಗ್ ಖರೀದಿಸಿದ್ದರಿಂದ ನಮ್ಮವರಿಗೂ ಈ ಕೂಟದ ಮೇಲೆ ಹೊಸ ಆಸಕ್ತಿ ಹುಟ್ಟಿದೆ. ಅಷ್ಟು ಜನರನ್ನು ಮೂರು ದಿನಗಳಲ್ಲಿ ಒಬ್ಬನೇ ವಿಜೇತನಿಗೆ ಇಳಿಸುವ ಕೆಲಸವನ್ನು ಇವೊ ಮಾಡುವುದು ಡಬಲ್ ಎಲಿಮಿನೇಷನ್ ಪದ್ಧತಿಯಿಂದ. ಒಮ್ಮೆ ಸೋತವನು ಹೊರಬೀಳುವುದಿಲ್ಲ, ಲೂಸರ್ಸ್ ಸೈಡ್‌ಗೆ ಇಳಿಯುತ್ತಾನೆ. ಅಲ್ಲಿ ಇನ್ನೊಮ್ಮೆ ಸೋತರೆ ಮಾತ್ರ ಮನೆಗೆ. ವಿನ್ನರ್ಸ್ ಸೈಡ್‌ನಲ್ಲಿ ಒಮ್ಮೆಯೂ ಸೋಲದೆ ಬಂದವನು ಮತ್ತು ಲೂಸರ್ಸ್ ಸೈಡ್‌ನ ಉದ್ದದ ದಾರಿ ದಾಟಿ ಬಂದವನು ಗ್ರ್ಯಾಂಡ್ ಫೈನಲ್‌ನಲ್ಲಿ ಎದುರಾಗುತ್ತಾರೆ.

ಕ್ರಿಕೆಟ್ ನೋಡುವ ನಮಗೆ ಇದರ ಅರ್ಧ ರೂಪ ಪರಿಚಿತ. ಐಪಿಎಲ್ ಪ್ಲೇಆಫ್‌ನಲ್ಲಿ ಮೊದಲ ಕ್ವಾಲಿಫೈಯರ್ ಸೋತ ತಂಡಕ್ಕೆ ಎರಡನೆಯ ಕ್ವಾಲಿಫೈಯರ್‌ನಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ. 2025ರಲ್ಲಿ ಪಂಜಾಬ್ ಕಿಂಗ್ಸ್ ಮೊದಲ ಕ್ವಾಲಿಫೈಯರ್‌ನಲ್ಲಿ ನಮ್ಮ ಆರ್‌ಸಿಬಿಗೆ ಸೋತು, ಮುಂಬೈಯನ್ನು ಸೋಲಿಸಿ ಮತ್ತೆ ಫೈನಲ್‌ಗೆ ಬಂತು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ 6 ರನ್‌ಗಳಿಂದ ಗೆದ್ದಿತು. ಒಂದು ವೇಳೆ ಆ ರಾತ್ರಿ ಪಂಜಾಬ್ ಗೆದ್ದಿದ್ದರೆ ಕಪ್ ಅವರದೇ ಆಗುತ್ತಿತ್ತು, ಎರಡೂ ತಂಡಗಳಿಗೆ ಪ್ಲೇಆಫ್‌ನಲ್ಲಿ ಒಂದೊಂದು ಸೋಲು ಸಮನಾಗಿದ್ದರೂ ಸಹ. ಇವೊ ನಿಯಮದಲ್ಲಿ ಹಾಗಾಗುವುದಿಲ್ಲ. ಲೂಸರ್ಸ್ ಸೈಡ್‌ನಿಂದ ಬಂದವನು ಮೊದಲ ಸೆಟ್ ಗೆದ್ದರೆ ಅದನ್ನು ರೀಸೆಟ್ ಎನ್ನುತ್ತಾರೆ: ಇಬ್ಬರಿಗೂ ಈಗ ಒಂದೊಂದು ಸೋಲು, ಆದ್ದರಿಂದ ಮತ್ತೊಂದು ಪೂರ್ಣ ಸೆಟ್. ಎಲ್ಲರಿಗೂ ಎರಡು ಸೋಲಿನ ಅವಕಾಶ ಎಂದು ಮಾತು ಕೊಟ್ಟ ಮೇಲೆ ಕೊನೆಯ ಇಬ್ಬರಿಗೂ ಆ ಮಾತನ್ನು ನಡೆಸಿಕೊಡುವುದೇ ರೀಸೆಟ್. ಗ್ರ್ಯಾಂಡ್ ಫೈನಲ್ ಎರಡು ಸಲ ನಡೆಯುವುದು ಬೇಸರ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ಆಟಗಳ ಇತಿಹಾಸದಲ್ಲಿ ಜನ ನೆನೆಯುವ ಘಟನೆಗಳನ್ನು ಗಮನಿಸಿದರೆ ಅವುಗಳಲ್ಲಿ ಎಷ್ಟೋ ಲೂಸರ್ಸ್ ಸೈಡ್‌ನ ಕೊಡುಗೆಗಳು. 2004ರ ಇವೊದಲ್ಲಿ, ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ನಲ್ಲಿ, ಜಪಾನಿನ ಡೈಗೊ ಉಮೆಹಾರಾ ಅವರ ಕೆನ್ ಪಾತ್ರದ ಜೀವ ಇನ್ನೇನು ಮುಗಿಯಿತೆನ್ನುವ ಸ್ಥಿತಿ. ಅಮೆರಿಕದ ಜಸ್ಟಿನ್ ವಾಂಗ್ ತಮ್ಮ ಚುನ್‌ಲಿ ಪಾತ್ರದ ಸೂಪರ್ ಬಿಟ್ಟರು. ಬರಿಯ ತಡೆ ಹಿಡಿದರೂ ಚೂರು ಜೀವ ಕಳೆದು ಸೋಲು ನಿಶ್ಚಿತವಾಗಿದ್ದ ಆ ಗಳಿಗೆಯಲ್ಲಿ ಉಮೆಹಾರಾ ಒಂದರ ಹಿಂದೊಂದು ಬಂದ ಎಲ್ಲ ಒದೆತಗಳನ್ನೂ ಪ್ಯಾರಿ ಮಾಡಿ, ಅಂದರೆ ಸರಿಯಾದ ಕ್ಷಣಕ್ಕೆ ತಟ್ಟಿ ಜೀವ ಕಳೆದುಕೊಳ್ಳದೆ ತಪ್ಪಿಸಿ, ತಿರುಗಿ ಹೊಡೆದು ರೌಂಡ್ ಗೆದ್ದರು. ಅದು ನಡೆದದ್ದು ಲೂಸರ್ಸ್ ಫೈನಲ್‌ನಲ್ಲಿ. ಅಂದರೆ ಇಬ್ಬರೂ ಅದಕ್ಕೆ ಮೊದಲೇ ಒಮ್ಮೆ ಸೋತಿದ್ದವರು. ಸಾಮಾನ್ಯ ನಾಕೌಟ್ ಆಗಿದ್ದರೆ ಆ ಪಂದ್ಯವೇ ಇರುತ್ತಿರಲಿಲ್ಲ. ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಉಮೆಹಾರಾ ಸೋತರು ಎಂಬುದನ್ನು ಬಹಳ ಜನ ಮರೆತಿದ್ದಾರೆ. 2017ರಲ್ಲಿ ಜಪಾನಿನ ಟೊಕಿಡೊ ಲೂಸರ್ಸ್ ಸೈಡ್‌ನಿಂದ ಬಂದು, ವಿನ್ನರ್ಸ್ ಸೈಡ್‌ನಲ್ಲಿ ಅಜೇಯನಾಗಿದ್ದ ಪಂಕ್ ಎಂಬ ಅಮೆರಿಕದ ತರುಣನನ್ನು ಎರಡು ಸೆಟ್‌ಗಳಲ್ಲಿಯೂ ಸೋಲಿಸಿ ಸ್ಟ್ರೀಟ್ ಫೈಟರ್ 5ರ ಪ್ರಶಸ್ತಿ ಗೆದ್ದರು. ಪಂಕ್‌ಗೆ ಇವೊ ಪ್ರಶಸ್ತಿ ಒಲಿದದ್ದು 2024ರಲ್ಲಿ, ಸ್ಟ್ರೀಟ್ ಫೈಟರ್ 6ರಲ್ಲಿ.

ಇದಕ್ಕೆ ತೀರ ಎದುರಾದ ಪರಂಪರೆಯೂ ಇದೆ. ಜಪಾನಿನಲ್ಲಿ 2003ರಿಂದ 2012ರವರೆಗೆ ನಡೆದ ತೋಗೆಕಿ ಪಂದ್ಯಾವಳಿಯಲ್ಲಿ ಒಂದೇ ಸೋಲಿಗೆ ಆಟ ಮುಗಿಯುತ್ತಿತ್ತು. ಒಂದು ನಾಣ್ಯ ಹಾಕಿದರೆ ಒಂದು ಆಟ, ಸೋತವನು ಎದ್ದು ಜಾಗ ಬಿಡಬೇಕು ಎಂಬ ಆರ್ಕೇಡ್ ಸಂಸ್ಕೃತಿಯಿಂದ ಬಂದ ಕ್ರಮ ಅದು. ಅಲ್ಲಿನ ಉದ್ವೇಗಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಉತ್ತಮ ಆಟಗಾರನನ್ನು ಗುರುತಿಸುವ ಸಾಧನವಾಗಿ ಅದನ್ನು ನಂಬುವುದು ಕಷ್ಟ.

ಪಂದ್ಯಾವಳಿಗಳ ಸಣ್ಣ ನಿಯಮಗಳನ್ನೂ ಆಟ ಕೊಳ್ಳುವವರು ತಿಳಿದಿರಬೇಕು, ಏಕೆಂದರೆ ರ‍್ಯಾಂಕ್ಡ್‌ನಲ್ಲಿ ಸಾವಿರ ಗೇಮ್ ಆಡಿದವರು ಕೂಡ ಮೊದಲ ಸಲ ಸಭಾಂಗಣಕ್ಕೆ ಬಂದಾಗ ಇಲ್ಲಿಯೇ ಎಡವುತ್ತಾರೆ. ಸೆಟ್ ನಡುವೆ ಗೆದ್ದವನು ತನ್ನ ಪಾತ್ರವನ್ನು ಉಳಿಸಿಕೊಳ್ಳಲೇಬೇಕು, ಸೋತವನು ಬದಲಿಸಬಹುದು. ಮೊದಲ ಗೇಮ್‌ಗೆ ಯಾರು ಯಾವ ಪಾತ್ರ ಎಂದು ಮೊದಲು ಬಾಯಿಬಿಡಲು ಇಬ್ಬರೂ ಒಪ್ಪದಿದ್ದರೆ ತೀರ್ಪುಗಾರರ ಕಿವಿಯಲ್ಲಿ ಗುಟ್ಟಾಗಿ ಹೇಳುವ ಪದ್ಧತಿ ಇದೆ. ಆಟದ ನಡುವೆ ಆಟ ತಡೆದು ನಿಲ್ಲಿಸುವ ಪಾಜ್ ಗುಂಡಿ ಒತ್ತಿದರೆ, ಬೇಕೆಂದು ಒತ್ತಿರಲಿ ಕೈತಪ್ಪಿ ಒತ್ತಿರಲಿ, ಸಾಮಾನ್ಯವಾಗಿ ಆ ರೌಂಡ್ ಎದುರಾಳಿಗೆ ಹೋಗುತ್ತದೆ. ಬ್ಲೂಟೂತ್ ಕಂಟ್ರೋಲರ್ ತಂದವರು ತಮ್ಮ ಸೆಟ್ ಮುಗಿದ ಮೇಲೆ ಅದರ ಜೋಡಣೆ ಬಿಡಿಸಿಯೇ ಏಳಬೇಕು. ಇಲ್ಲವಾದರೆ ಚೀಲದೊಳಗೆ ಅದುಮಿದ ಒಂದು ಗುಂಡಿ ಮುಂದಿನವರ ಆಟವನ್ನು ನಿಲ್ಲಿಸಿಬಿಡುತ್ತದೆ. ಆರಂಭದಲ್ಲಿ 18 ಪಾತ್ರಗಳಿದ್ದ ಸ್ಟ್ರೀಟ್ ಫೈಟರ್ 6ಕ್ಕೆ ವರ್ಷಕ್ಕೆ ನಾಲ್ಕರಂತೆ ಹೊಸಬರು ಸೇರುತ್ತಿದ್ದಾರೆ. ಎರಡು ವರ್ಷದ ಪಟ್ಟಿ ಪೂರ್ತಿಯಾದಾಗ ಅದು 26 ಆಯಿತು. ಸಂಖ್ಯೆ ಬೆಳೆದಂತೆ ಸೋತವನ ಪಾತ್ರ ಬದಲಿಸುವ ಹಕ್ಕಿನ ಬೆಲೆಯೂ ಬೆಳೆಯುತ್ತದೆ. ಎರಡನೆಯದೊಂದು ಪಾತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಈಗ ಆಡಂಬರವಾಗಿ ಉಳಿದಿಲ್ಲ.

ಡಬಲ್ ಎಲಿಮಿನೇಷನ್ ಒಂದೇ ದಾರಿಯಲ್ಲ. ಕ್ಯಾಪ್‌ಕಾಮ್ ತಾನೇ ನಡೆಸುವ ಕ್ಯಾಪ್‌ಕಾಮ್ ಕಪ್‌ನ ಹತ್ತನೆಯ ಆವೃತ್ತಿ 2024ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದಾಗ, 48 ಆಟಗಾರರನ್ನು ಮೊದಲು ಗುಂಪುಗಳಲ್ಲಿ ಆಡಿಸಿ, ನಂತರ ಮುಂದಿನ ಹಂತಕ್ಕೆ ಒಯ್ದರು. ವಿಜೇತನಿಗೆ ಹತ್ತು ಲಕ್ಷ ಡಾಲರ್. ಅದನ್ನು ಗೆದ್ದವರು ತೈವಾನಿನ ಉಮಾ. ಅಷ್ಟು ಹಣ ಪಣಕ್ಕಿಟ್ಟಾಗ, ದೂರದೂರದಿಂದ ಬಂದವರಿಗೆ ಗುಂಪಿನಲ್ಲಿ ಹಲವು ಪಂದ್ಯಗಳ ಖಾತರಿ ಕೊಡುವುದು ಸರಿಯಾದ ಕ್ರಮ. 2025ರ ಕಪ್ ಟೋಕಿಯೊದ ರ‍್ಯೋಗೊಕು ಕೊಕುಗಿಕಾನ್‌ನಲ್ಲಿ ನಡೆಯಿತು, ಗೆದ್ದವರು ಜಪಾನಿನ ಕಕೆರು. ಅದು ಸುಮೊ ಕುಸ್ತಿಯ ಅಂಗಳ. ಸುಮೊದಲ್ಲಿ ನಾಕೌಟೇ ಇಲ್ಲ, ಮೇಲ್ದರ್ಜೆಯ ಮಲ್ಲ ದಿನಕ್ಕೊಂದರಂತೆ 15 ದಿನ ಸೆಣಸುತ್ತಾನೆ, ಹೆಚ್ಚು ಗೆದ್ದವನಿಗೆ ಪ್ರಶಸ್ತಿ. ಜಪಾನಿನ ಸ್ಟ್ರೀಟ್ ಫೈಟರ್ ಲೀಗ್‌ನ ತಂಡಗಳ ಹೋರಾಟದಲ್ಲಿ ಇನ್ನೊಂದು ಬಗೆಯ ಜಾಣತನವಿದೆ: ಮೊದಲ ಇಬ್ಬರ ಪಂದ್ಯಗಳಿಗಿಂತ ಕೊನೆಯ ನಾಯಕನ ಪಂದ್ಯಕ್ಕೆ ಹೆಚ್ಚು ಅಂಕ, ಮತ್ತು ಯಾರನ್ನು ಯಾರಿಗೆ ಎದುರಾಗಿ ಇಳಿಸಬೇಕೆಂಬ ಲೆಕ್ಕಾಚಾರವೇ ಅರ್ಧ ಆಟ.

ಏಷ್ಯನ್ ಕ್ರೀಡಾಕೂಟದಲ್ಲಿ ಪದಕಕ್ಕಾಗಿ ಈ ಸರಣಿಯ ಹಿಂದಿನ ಆಟ ನಡೆದಾಗಲೂ ಉದ್ದದ ಸೆಟ್ ತನ್ನ ಬೆಲೆ ತೋರಿಸಿತು. 2023ರಲ್ಲಿ ಹಾಂಗ್‌ಝೌನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವು ಅವರಿಗೆ ಸಂದಿತು. 44ರ ವಯಸ್ಸಿನ ಅವರು ತೈವಾನಿನ ಎದುರಾಳಿಯನ್ನು ಫೈನಲ್‌ನಲ್ಲಿ 4-3ರಿಂದ ಸೋಲಿಸಿದರು. ಏಳನೆಯ ಗೇಮ್‌ವರೆಗೆ ಹೋದ ಆ ಫೈನಲ್ ಮೂರು ಗೇಮ್‌ಗಳಲ್ಲೇ ಮುಗಿಯುವಂತಿದ್ದರೆ ನೋಡುವವರಿಗೆ ಏನೇನು ತಪ್ಪಿಹೋಗುತ್ತಿತ್ತು ಎಂದು ಯೋಚಿಸಿ. ಭಾರತದಿಂದ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಅಲ್ಲಿ ಸ್ಪರ್ಧಿಸಿದ್ದರು.

ಎಲ್ಲಕ್ಕಿಂತ ಹೆಚ್ಚು ನಾನು ಮೆಚ್ಚುವುದು ಹತ್ತು ಗೆಲುವಿನ ಸೆಟ್. ಡೈಗೊ ಉಮೆಹಾರಾ ಏರ್ಪಡಿಸಿದ ಕೆಮೊನೊಮಿಚಿ ಎಂಬ ಕಾರ್ಯಕ್ರಮದಲ್ಲಿ 2018ರಲ್ಲಿ ಅವರೇ ಟೊಕಿಡೊ ಎದುರು ಅಂಥದೊಂದು ಸೆಟ್ ಆಡಿ 10-5ರಿಂದ ಗೆದ್ದರು. ಟೊಕಿಡೊ ಆಗ ಇವೊದ ಹಾಲಿ ಚಾಂಪಿಯನ್. ಹದಿನೈದು ಗೇಮ್‌ಗಳ ಅವಧಿಯಲ್ಲಿ ಒಬ್ಬನ ತಂತ್ರ, ಅದಕ್ಕೆ ಇನ್ನೊಬ್ಬನ ಉತ್ತರ, ಆ ಉತ್ತರಕ್ಕೆ ಮತ್ತೊಂದು ಮರುತ್ತರ ಹೀಗೆ ಪದರಪದರವಾಗಿ ಬಿಚ್ಚಿಕೊಳ್ಳುತ್ತವೆ. ಪಂದ್ಯಾವಳಿಯಲ್ಲಿ ಇದನ್ನು ಆಡಿಸಲು ಸಮಯ ಸಾಲದು ಎಂಬುದು ನಿಜ. ಆದರೆ ಒಬ್ಬ ಆಟಗಾರ ಇನ್ನೊಬ್ಬನಿಗಿಂತ ಮೇಲು ಎಂದು ನನ್ನನ್ನು ಒಪ್ಪಿಸಬಲ್ಲ ಪುರಾವೆ ಇದೊಂದೇ.

ಊರಿನಲ್ಲಿ ಸಣ್ಣ ಪಂದ್ಯಾವಳಿ ನಡೆಸಲು ಈ ಆಟವನ್ನು ಆರಿಸಿಕೊಳ್ಳುವವರಿಗೆ ಎರಡು ಮಾತು. 32 ಜನ ಬಂದರೆ ಸಾಮಾನ್ಯ ನಾಕೌಟ್‌ನಲ್ಲಿ 31 ಸೆಟ್. ಡಬಲ್ ಎಲಿಮಿನೇಷನ್‌ನಲ್ಲಿ 62, ರೀಸೆಟ್ ಆದರೆ 63. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಆಡುವ ಲೀಗ್ ಆದರೆ 496. ಸೆಟ್‌ಗೆ ಹತ್ತು ನಿಮಿಷ ಹಿಡಿದರೆ ನಾಲ್ಕು ಕನ್ಸೋಲ್‌ಗಳಲ್ಲಿ ಡಬಲ್ ಎಲಿಮಿನೇಷನ್ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಲೀಗ್ ಮಾತ್ರ 20 ಗಂಟೆ ದಾಟುತ್ತದೆ. ನಾಲ್ಕು ನಾಲ್ಕು ಜನರ ಎಂಟು ಗುಂಪು ಮಾಡಿ ಮೊದಲು 48 ಸೆಟ್ ಆಡಿಸಿ, ಗುಂಪಿಗಿಬ್ಬರಂತೆ 16 ಜನರಿಗೆ ಡಬಲ್ ಎಲಿಮಿನೇಷನ್ ನಡೆಸಿದರೆ ಇನ್ನೂ 30 ಸೆಟ್. ಒಟ್ಟು 78. ಹೊಸಬರು ಹೆಚ್ಚಿರುವ ಕೂಟಕ್ಕೆ ನನ್ನ ಶಿಫಾರಸು ಇದೇ, ಏಕೆಂದರೆ ಬಸ್ಸು ಹಿಡಿದು ಬಂದವರು ಕನಿಷ್ಠ ಮೂರು ಸೆಟ್ ಆಡಿಯೇ ಹೋಗುತ್ತಾರೆ. ಪಟ್ಟಿ ಮಾಡಿಕೊಡುವ ಕೆಲಸವನ್ನು ಸ್ಟಾರ್ಟ್ ಜಿಜಿ, ಚಾಲೊಂಜ್‌ನಂಥ ತಾಣಗಳು ತಾವೇ ಮಾಡುತ್ತವೆ. ಬಲಶಾಲಿಗಳು ಮೊದಲ ಸುತ್ತಿನಲ್ಲೇ ಎದುರಾಗದಂತೆ ಸೀಡಿಂಗ್ ಕೊಡುವ ಹೊಣೆ ಮಾತ್ರ ನಡೆಸುವವರದು, ಮತ್ತು ಅದನ್ನು ಉದಾಸೀನ ಮಾಡಿದರೆ ಯಾವ ಪದ್ಧತಿಯೂ ನ್ಯಾಯ ಒದಗಿಸದು.

ಹಾಗಾದರೆ ಕೊಳ್ಳಬಹುದೇ? ಖಂಡಿತ ಕೊಳ್ಳಬಹುದು. ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿ, 2025ರಿಂದ ಸ್ವಿಚ್ 2 ಹೀಗೆ ಯಾವುದರಲ್ಲಿ ಬೇಕಾದರೂ ಸಿಗುತ್ತದೆ. ಪಂದ್ಯಾವಳಿಗೆ ಹೋಗುವ ಮನಸ್ಸಿದ್ದರೆ ಹೆಚ್ಚಿನ ಕಡೆ ಬಳಸುವ ಪ್ಲೇಸ್ಟೇಷನ್ 5ಕ್ಕೆ ಹೊಂದುವ ಕಂಟ್ರೋಲರ್ ಇಟ್ಟುಕೊಳ್ಳಿ. ಮಾಸ್ಟರ್ ಶ್ರೇಣಿಯವರೆಗೆ ರ‍್ಯಾಂಕ್ಡ್‌ನಲ್ಲಿ ಕಲಿಯಿರಿ, ಅಲ್ಲಿಂದ ಮುಂದೆ ಕಸ್ಟಮ್ ರೂಮ್‌ನಲ್ಲಿ ನಿಮಗಿಂತ ಮೇಲಿನವರೊಂದಿಗೆ ಐದು ಅಥವಾ ಹತ್ತು ಗೆಲುವಿನ ಸೆಟ್‌ಗಳನ್ನು ಆಡಿ. ಕ್ಯಾಪ್‌ಕಾಮ್‌ನಿಂದ ನಾನು ಬಯಸುವ ಬದಲಾವಣೆ ದೊಡ್ಡದಲ್ಲ: ಮಾಸ್ಟರ್ ಶ್ರೇಣಿಯಲ್ಲಿ ಎರಡು ಗೆಲುವಿನ ಸೆಟ್ ಕಡ್ಡಾಯವಾಗಲಿ, ಅಂಕಗಳು ಗೇಮ್‌ಗೆ ಬದಲಾಗಿ ಸೆಟ್‌ಗೆ ಸಿಗಲಿ, ನಡುವೆ ಎದ್ದುಹೋದವನ ಸೆಟ್ ಎದುರಾಳಿಗೆ ಸೇರಲಿ, ಮೂರು ಗೆಲುವಿನ ಸೆಟ್ ಬಯಸುವ ಇಬ್ಬರು ಒಬ್ಬರಿಗೊಬ್ಬರು ಸಿಗುವಂತೆ ಹುಡುಕಾಟದಲ್ಲಿ ಒಂದು ಆಯ್ಕೆಯನ್ನೂ ಸೇರಿಸಲಿ.